ವೆರ್ನರ್ ಲೈಟಿಲಾ ಅಂಟಿಸಿದ ಗೋಡೆ

ಅಮೆರಿಕದ ಕ್ವಿನ್ಸಿಯಲ್ಲಿ, ಹಡಗು ಕಟ್ಟುವ ಕಟ್ಟೆಯಲ್ಲಿ ವೆರ್ನರ್ ಲೈಟಿಲಾ ಎಂಬ ಬಡಗಿಯಿದ್ದ. ಫಿನ್‌ಲೆಂಡಿನಿಂದ ಬಂದವನು. ಹತ್ತು ಮಾತು ಆಡಬೇಕಾದ ಕಡೆ ಒಂದು ಆಡುತ್ತಿದ್ದ, ಆಮೇಲೆ ಆ ಒಂದನ್ನೂ ಆಡಬಾರದಿತ್ತು ಎಂಬಂತೆ ಮುಖ ಮಾಡುತ್ತಿದ್ದ. ಅವನಿಗೆ ಈ ಲೋಕದಲ್ಲಿ ಕಂಡರಾಗದ ವಸ್ತುವೆಂದರೆ ಸ್ಕ್ರೂ. ಮರಕ್ಕೆ ಮರ ಕೂಡಿಸಲು ಕಬ್ಬಿಣ ಬೇಕು ಅನ್ನುವವನಿಗೆ ಕೆಲಸವೇ ಬರುವುದಿಲ್ಲ ಎಂಬುದು ಅವನ ತೀರ್ಮಾನ. ಅವನ ಊರ ಕಡೆಯ ಬಡಗಿಗಳೆಲ್ಲ ಹಾಗೆಯೇ. ಬಿಸಿ ಅಂಟು, ಮರದ ಗೂಟ, ಮುಗಿಯಿತು. ಆಮೇಲೆ ಆ ಜೋಡಣೆಯನ್ನು ಬಿಡಿಸಲು ಬ್ರಹ್ಮನಿಂದಲೂ ಆಗಬಾರದು.

ಇಂಥವನ ಪಾಲಿಗೆ ಬಂದದ್ದು ‘ಎವಲೀನ್’ ಎಂಬ ಹಡಗು. ಯುರೋಪಿನಲ್ಲಿ ಯುದ್ಧ ಇನ್ನೇನು ಹತ್ತಿಕೊಳ್ಳುವುದರಲ್ಲಿತ್ತು. ಆ ಹಡಗಿಗೆ ಹುಟ್ಟುವ ಮೊದಲೇ ಎರಡು ಜಾತಕ ಬರೆದಿಟ್ಟಿದ್ದರು. ಶಾಂತಿಯಿರುವ ತನಕ ಮೇಲೆ ಸಿರಿವಂತರನ್ನೂ ಕೆಳಗೆ ಕಾಫಿ ಮೂಟೆಗಳನ್ನೂ ಹೊತ್ತು ದಕ್ಷಿಣ ಅಮೆರಿಕಕ್ಕೆ ಹೋಗಿಬರಬೇಕು. ಯುದ್ಧ ಬಂದರೆ ಇವರನ್ನೆಲ್ಲ ಇಳಿಸಿ ಸಿಪಾಯಿಗಳನ್ನು ತುಂಬಿಕೊಳ್ಳಬೇಕು. ಖರ್ಚಿನಲ್ಲಿ ಸರ್ಕಾರದ ಪಾಲೂ ಇದ್ದದ್ದರಿಂದ ಎರಡನೆಯ ಜಾತಕಕ್ಕೇ ಮರ್ಯಾದೆ ಹೆಚ್ಚು. ಇನ್ನೂರು ಪ್ರಯಾಣಿಕರ ಹಡಗಿಗೆ ಎರಡು ಸಾವಿರ ಜನಕ್ಕೆ ಬೇಯಿಸುವ ಅಡುಗೆಮನೆ. ಹೆಂಗಸರು ಚೆಂಡಾಡುವ ಮೇಲಟ್ಟದ ಕೆಳಗೆ ಮುಂದೆಂದೋ ಫಿರಂಗಿ ಕೂರಿಸಲೆಂದು ಉಕ್ಕಿನ ತೊಲೆ. ರೇಷ್ಮೆ ಪರದೆಗಳ ಹಿಂದೆ, ಸಿಪಾಯಿಗಳ ಸಾಲು ಕಕ್ಕಸಿಗೆ ಬೇಕಾಗುವ ದಪ್ಪ ಕೊಳವೆಗಳು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದವು.

ಬಡಗಿಗಳ ಮೇಸ್ತ್ರಿ ಮಲ್ವೀ ಐರಿಷ್ ಮನುಷ್ಯ, ದೊಡ್ಡ ಗಂಟಲು. ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ.

“ನೋಡ್ರಪ್ಪಾ, ಗೋಡೆ ಹಲಗೆ ಒಂದೊಂದೂ ಸ್ಕ್ರೂ ಮೇಲೇ ನಿಲ್ಬೇಕು. ನೇವಿಯೋರು ಬಂದ್ರೆ ಸರ್ಕಸ್ ಡೇರೆ ಬಿಚ್ಚಿದ ಹಾಗೆ ಬಿಚ್ಕೊಡ್ಬೇಕು. ಲೈಟಿಲಾ, ಕೇಳಿಸ್ತೇನಯ್ಯಾ? ನಿನಗೇ ಹೇಳ್ತಿರೋದು.”

ವೆರ್ನರ್ ತಲೆಯಾಡಿಸಿದ. ಕೇಳಿಸಿತು ಅನ್ನುವುದಕ್ಕಷ್ಟೇ ಅದು. ಒಪ್ಪಿದೆ ಎಂದು ಮಲ್ವೀ ತಾನೇ ತಿಳಿದುಕೊಂಡ.

ಹೆಂಗಸರ ಓದುಕೋಣೆಯ ಕೆಲಸ ಒರಾಜಿಯೊ ಫುಸ್ಕೊ ಎಂಬ ಇಟಲಿಯವನಿಗೆ ಸಿಕ್ಕಿತು. ಅಗ್ಗದ ಹಲಗೆಗೆ ಆಕ್ರೋಟು ಮರದ ತೆಳು ಪದರ ಹೊದಿಸಿ, ಸ್ಕ್ರೂ ಹೊಡೆದು, ಹಾಡು ಹೇಳಿಕೊಂಡು ಎಲ್ಲರಿಗಿಂತ ಮೊದಲು ಮುಗಿಸಿದ. ಗಂಡಸರು ಚುಟ್ಟಾ ಸೇದುವ ಕೋಣೆ ವೆರ್ನರನದು. ಅದಕ್ಕೆ ಬಂದಿದ್ದು ಸುರುಳಿ ನಾರಿನ ಬರ್ಚ್ ಮರ. ಬೆಳಕು ಬಿದ್ದರೆ ಒಳಗೆ ನೀರು ಅಲುಗಿದಂತೆ ಕಾಣುತ್ತಿತ್ತು. ಅಂಥ ಮರದ ಮೈಗೆ ತೂತು ಕೊರೆಯಲು ಅವನಿಗೆ ಕೈ ಬರಲಿಲ್ಲ.

ಒರಾಜಿಯೊ ಬಾಗಿಲಲ್ಲಿ ನಿಂತು ಕಿಚಾಯಿಸಿದ. “ಏನಪ್ಪಾ, ಇನ್ನೂ ಸವರ್ತಾ ಇದೀಯ? ಮದ್ವೆ ಆಗ್ತೀಯೋ ಹೇಗೆ?”

“ನಿಂದು ಬಡಗಿ ಕೆಲಸ ಅಲ್ಲ,” ಎಂದ ವೆರ್ನರ್. “ಬೀಗ ರಿಪೇರಿ.”

ಅವನು ಮಾಡಿದ್ದಿಷ್ಟು. ಬಾಗಿಲ ಪಕ್ಕದ ಎರಡು ಹಲಗೆಗೆ ನಿಜವಾದ ಸ್ಕ್ರೂ. ಮಿಕ್ಕದ್ದಕ್ಕೆಲ್ಲ ಅಂಟು, ಗೂಟ, ಮತ್ತು ಕಣ್ಣಿಗೆ ಕಾಣಲೆಂದು ಬಾಲ ಕತ್ತರಿಸಿದ ಸ್ಕ್ರೂ ತಲೆಗಳು. ತಪಾಸಣೆಗೆ ಬಂದವನು, ಲೋಕದ ಎಲ್ಲ ತಪಾಸಣೆಯವರಂತೆ, ಬಾಗಿಲ ಪಕ್ಕದ್ದನ್ನೇ ಬಿಚ್ಚಿಸಿ ನೋಡಿ ತೃಪ್ತನಾಗಿ ಹೋದ.

ಮನೆಯಲ್ಲಿ ಹೆಂಡತಿ ಹಿಲ್ಯಾಗೆ ಮಾತ್ರ ಹೇಳಿದ. ಅವಳು ಕಾಫಿ ಬಗ್ಗಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟಳು.

“ಬಿಚ್ಚೋ ಹಾಗೆ ಕಟ್ಟು ಅಂದ್ರೆ ಬಿಚ್ಚೋ ಹಾಗೆ ಕಟ್ಬೇಕಪ್ಪಾ. ಹಡಗೇನು ನಿಂದಾ?”

“ಗೋಡೆ ನಂದು.”

“ಗೊತ್ತಾದ್ರೆ ಕೆಲಸ ಹೋಗುತ್ತೆ.”

“ನಾನು ಸತ್ಮೇಲೂ ಗೋಡೆ ಇರುತ್ತೆ,” ಎಂದ. ಅವನ ಮಟ್ಟಿಗೆ ಅದು ಭಾಷಣವೇ. ತಾನು ಮಾಡಿದ್ದು ಒಂದಾದರೂ ಈ ನೆಲದಲ್ಲಿ ಕದಲದೆ ಉಳಿಯಬೇಕೆಂಬ ಆಸೆ ಅವನಿಗೆ ಎಷ್ಟಿತ್ತೆಂಬುದು ಹಿಲ್ಯಾಗೂ ಅವತ್ತೇ ತಿಳಿದದ್ದು.

ಚುಟ್ಟಾ ಸೇದುವ ಮಹನೀಯರು ಎರಡು ವರ್ಷ ಆ ಗೋಡೆಗೆ ಬೆನ್ನು ಕೊಟ್ಟು ಯುರೋಪಿನ ಯುದ್ಧ ಅಮೆರಿಕದ ತನಕ ಬರುವುದೇ ಇಲ್ಲ ಎಂದು ವಾದಿಸಿದರು. ಆಮೇಲೆ ಅಮೆರಿಕದ ನೌಕಾನೆಲೆಯ ಮೇಲೆ ಜಪಾನಿನವರ ಬಾಂಬು ಬಿತ್ತು. ಚಳಿಗಾಲ ಮುಗಿಯುವ ಮೊದಲೇ ‘ಎವಲೀನ್’ ತನ್ನ ಎರಡನೆಯ ಜಾತಕ ಹಿಡಿದುಕೊಂಡು ಕ್ವಿನ್ಸಿಗೆ ಮರಳಿತು.

ಬಿಚ್ಚುವ ಕೆಲಸ ನೀರು ಕುಡಿದಷ್ಟು ಸಲೀಸಾಗಿ ಸಾಗಿತು. ಊಟದ ಮನೆ, ಕುಣಿಯುವ ಮನೆ ಎಲ್ಲ ಕಳಚಿ ಬಂದವು. ಒರಾಜಿಯೊನ ಓದುಕೋಣೆ ಒಂದೇ ಬೆಳಗಿನಲ್ಲಿ ಹಲಗೆ ಹಲಗೆಯಾಗಿ ಇಳಿಯಿತು. ಒಂದೊಂದಕ್ಕೂ ಕಂಬಳಿ ಸುತ್ತಿ, ಗುರುತು ಹಾಕಿ, ಪೆಟ್ಟಿಗೆಯಲ್ಲಿಟ್ಟು, ಬೆಚ್ಚಗಿನ ಗೋದಾಮಿಗೆ ಕಳಿಸಿದರು. ಕೊನೆಗೆ ಚುಟ್ಟಾ ಕೋಣೆ. ಬಾಗಿಲ ಪಕ್ಕದ ಎರಡು ಬಂದವು. ಮೂರನೆಯದರ ಸ್ಕ್ರೂ ತಿರುಗಿಸಿದರೆ ಬರೀ ತಲೆ ಕೈಗೆ ಬಂತು.

ಮಲ್ವೀ ಅದನ್ನು ಬೆರಳಲ್ಲಿ ಹಿಡಿದು ತುಂಬ ಹೊತ್ತು ನೋಡಿದ. “ಲೈಟಿಲಾ... ಇದೇನೋ ಇದು?”

ವೆರ್ನರ್ ಹೋಗಿ ತೆಳು ಗರಗಸ ತಂದ. ಸಂದಿಗೆ ಬಿಸಿನೀರು ಬಿಟ್ಟ, ಉಳಿ ತೂರಿಸಲು ನೋಡಿದ. ಒಂದು ಹಲಗೆಯಾದರೂ ಇಡಿಯಾಗಿ ಬರಲಿ ಎಂದು ಮೊಣಕಾಲೂರಿ ಹೆಣಗಿದ. ಬರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದ.

“ಅಲ್ಲಿ ಶೆಡ್ಡಲ್ಲಿ ಸಿಪಾಯಿಗಳು ಚಳೀಲಿ ಕೂತವ್ರೆ,” ಎಂದು ಮಲ್ವೀ ಕೂಗಿದ. “ಯುದ್ಧ ಇಲ್ದಿದ್ರೆ ಈಗ್ಲೇ ಗೇಟಿನಾಚೆ ಅಟ್ತಿದ್ದೆ ನಿನ್ನ. ಬಡಗಿಗಳು ಸಿಗ್ತಿಲ್ಲ, ಬದುಕ್ಕೊಂಡೆ. ತಗೋ ಕೊಡ್ಲಿ. ಕಟ್ಟಿದೋನೇ ಒಡಿ!”

ವೆರ್ನರ್ ಕೊಡಲಿ ಎತ್ತಿದ. ಮೊದಲ ಏಟಿಗೆ ಗೋಡೆ ಕೊಡಲಿಯನ್ನೇ ಹಿಂದಕ್ಕೆ ತಳ್ಳಿತು. ಅಲ್ಲಿದ್ದ ಬಡಗಿಗಳೆಲ್ಲ ಸರದಿಯ ಮೇಲೆ ಹೊಡೆದರೂ ಒಡೆದು ಮುಗಿಯುವಾಗ ಸಂಜೆಯಾಯಿತು. “ಯಾಕಯ್ಯಾ ಇಷ್ಟು ಗಟ್ಟಿ ಕಟ್ದೆ?” ಎಂದು ಮಲ್ವೀ ಬೆವರೊರೆಸಿಕೊಂಡು ಬೈದ. ವೆರ್ನರನ ಬದುಕಿನಲ್ಲಿ ಅವನ ಕೆಲಸಕ್ಕೆ ಸಿಕ್ಕ ದೊಡ್ಡ ಮೆಚ್ಚುಗೆ ಅದೇ ಇರಬೇಕು.

ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ತಂದ. ಶನಿವಾರ ಹಿತ್ತಲ ಹಬೆಮನೆಗೆ ನೆರೆಯ ಫಿನ್ನರೆಲ್ಲ ಸ್ನಾನಕ್ಕೆ ಬರುವ ವಾಡಿಕೆ. ಆ ಶನಿವಾರ ಒಲೆಗೆ ಸೌದೆ ಹಾಕಿದವನು ವೆರ್ನರನೇ. ಇಷ್ಟು ಹಿತವಾದ ಕಾವು ಈ ದೇಶಕ್ಕೆ ಬಂದಮೇಲೆ ಕಂಡಿರಲಿಲ್ಲ ಎಂದು ಎಲ್ಲರೂ ಹೊಗಳಿದರು, ಸೌದೆ ಎಲ್ಲಿ ಸಿಕ್ಕಿತೆಂದು ವಿಚಾರಿಸಿದರು. ಅವನು ಮೇಲಿನ ಮೆಟ್ಟಿಲಲ್ಲಿ ಗೋಡೆಗೆ ಮುಖ ಮಾಡಿ ಕೂತು ಅತ್ತ. ಹಿಲ್ಯಾ ಕಂಡಳು, ಕಂಡಿಲ್ಲವೆಂಬಂತೆ ಹಬೆಯೇಳಲೆಂದು ಇನ್ನೊಂದು ಸೌಟು ನೀರು ಒಲೆಯ ಕಾದ ಕಲ್ಲಿನ ಮೇಲೆ ಎರಚಿದಳು.

ಯುದ್ಧ ಮುಗಿದು ಹಡಗು ತುಕ್ಕು ಹಿಡಿದ ಮೈಯಲ್ಲಿ ವಾಪಸು ಬಂತು. ಗೋದಾಮಿನಿಂದ ಪೆಟ್ಟಿಗೆಗಳು ಬಂದವು. ಒರಾಜಿಯೊನ ಅಗ್ಗದ ಹಲಗೆಗಳು ಒಂದು ಗೀರೂ ಇಲ್ಲದೆ, ಮದುಮಗಳಂತೆ ಕಂಬಳಿಯಿಂದ ಹೊರಬಂದವು. ಚುಟ್ಟಾ ಕೋಣೆಗೆ ಹಾಕಲು ಏನೂ ಇರಲಿಲ್ಲ. ಉಕ್ಕಿಗೆ ಹಾಲುಬಣ್ಣ ಬಳಿದು ಹೊಸ ಫ್ಯಾಷನ್ ಎಂದರು. ಕೆಲಸವಿಲ್ಲದ ವೆರ್ನರನನ್ನು ಮಲ್ವೀ ಓದುಕೋಣೆಗೆ ಹಾಕಿದ. ಒರಾಜಿಯೊ ಹಲಗೆ ಎತ್ತಿ ಹಿಡಿಯುವುದು, ಇವನು ಸ್ಕ್ರೂ ತಿರುಗಿಸುವುದು.

ಸ್ವಲ್ಪ ಹೊತ್ತಿಗೆ ಒರಾಜಿಯೊಗೇ ತಡೆಯಲಾಗಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ವೆರ್ನರ್, ಮೇಸ್ತ್ರಿ ಊಟಕ್ಕೆ ಹೋಗವ್ನೆ. ನಿನ್ನ ಅಂಟು ಹಚ್ಚೋದಾದ್ರೆ ಹಚ್ಚು. ನಾನು ಈ ಕಡೆ ತಿರುಕ್ಕೊಂಡಿರ್ತೀನಿ. ಇದಾದ್ರೂ ನೀನು ಮಾಡ್ದಂಗೆ ಇರ್ಲಿ.”

ವೆರ್ನರ್ ಆ ತೆಳು ಆಕ್ರೋಟು ಪದರದ ಮೇಲೆ ಅಂಗೈ ಆಡಿಸಿದ. ಕೆಟ್ಟ ಕೆಲಸ, ಈಗಲೂ ಅವನಿಗೆ ಹಾಗೆಯೇ ಅನ್ನಿಸಿತು.

“ಬೇಡ,” ಎಂದ. “ಇನ್ನೊಂದು ಯುದ್ಧ ಬಂದ್ರೆ ನಿಂದಾದ್ರೂ ಉಳೀಲಿ.”

ಮುಂದಿನ ಸ್ಕ್ರೂಗೆ ಕೈ ಚಾಚಿದ.