ಅಕ್ಕನ ಹೆಸರು ಕೇಳಿದವರು

ನಾನು ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ, ಮಕ್ಕಳ ಮನಸ್ಸಿನ ಕಷ್ಟ ಕೇಳಲು ವಾರಕ್ಕೊಮ್ಮೆ ಒಬ್ಬ ಆಪ್ತಸಮಾಲೋಚಕಿ ಬರುತ್ತಿದ್ದರು. ಎದುರಿಗೆ ಕುರ್ಚಿ ಹಾಕಿಕೊಳ್ಳದೆ ಮಗುವಿನ ಪಕ್ಕದಲ್ಲೇ ನೆಲದ ಮೇಲೆ ಕೂಡುವರು. ಮಗು ಸುಮ್ಮನಿದ್ದರೆ ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿ, “ಅವಸರ ಇಲ್ಲವ್ವ,” ಎನ್ನುವರು.

ವನದುರ್ಗದಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಅಕ್ಕ ಜ್ವರದಿಂದ ತೀರಿಕೊಂಡ ಮೇಲೆ ಮಾತು ಬಿಟ್ಟಿದ್ದಳು. ಪಾಠ ಒಪ್ಪಿಸಲಿಲ್ಲವೆಂದು ನಾನು ಅವಳನ್ನು ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಆಮೇಲೆ ಅವಳು ಶಾಲೆಗೇ ಬರಲಿಲ್ಲ. ಆಪ್ತಸಮಾಲೋಚಕಿ ಮೇಡಂ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು.

“ಗಾಳಿ ಸೋಕ್ಯಾದ್ರಿ. ತಾಯತ ಕಟ್ಟಿಸೀವಿ,” ಎಂದಳು ತಾಯಿ.

ಮೇಡಂ ವಾದಿಸಲಿಲ್ಲ. ಅವಳ ಜೊತೆ ಶೇಂಗಾ ಸುಲಿಯುತ್ತ ಕೂತು, “ದೊಡ್ಡಾಕಿ ಹೆಸರೇನ್ರಿ?” ಎಂದು ಕೇಳಿದರು.

ತಾಯಿಯ ಕೈ ನಿಂತಿತು. “ಆ ಹೆಸರು ಈ ಮನ್ಯಾಗ ಯಾರೂ ಎತ್ತಂಗಿಲ್ರಿ.” ಇನ್ನೊಂದು ಹಿಡಿ ಶೇಂಗಾ ಸುಲಿದು ತಾನೇ ಹೇಳಿದಳು: “ಮಲ್ಲಮ್ಮ. ಬದನಿಕಾಯಿ ಪಲ್ಯ ಬಾಳ ಸೇರ್ತಿತ್ತು ಆಕಿಗಿ.”

“ಅಲ್ಲ ಯವ್ವಾ, ಪುಂಡಿಪಲ್ಯ,” ಎಂದು ಒಳಗಿನಿಂದ ಹುಡುಗಿಯ ಒಡಕು ದನಿ ಬಂತು.

ತಾಯಿ ಎದ್ದು ಒಳಗೆ ಓಡಿದಳು. ಇಬ್ಬರೂ ಅಳುವುದು ಕೇಳಿಸಿತು. ಸಮಾಧಾನ ಹೇಳಲು ನಾನು ಎದ್ದೆ. ಮೇಡಂ ನನ್ನ ಸೆರಗು ಹಿಡಿದು ಕೂರಿಸಿದರು. “ಅಳ್ಲಿ ಬಿಡ್ರಿ. ಈ ಮನ್ಯಾಗ ಇನ್ನಾ ಯಾರೂ ಅತ್ತಿಲ್ಲ.”

ಸೋಮವಾರ ಹುಡುಗಿ ಶಾಲೆಗೆ ಬಂದಳು. ಅವಳನ್ನು ನಿಲ್ಲಿಸಿದ್ದು ನನ್ನ ತಪ್ಪೆಂದು ಇಡೀ ತರಗತಿಯ ಎದುರಿಗೆ ಅವಳಿಗೆ ಹೇಳಿದೆ. ಹಾಗೆ ಹೇಳಿರೆಂದು ಮೇಡಂ ಒಂದು ಮಾತೂ ಆಡಿರಲಿಲ್ಲ.