ನಾನು ನೋಡದೆ ಬಿಟ್ಟ ಮುಖಪುಟ

ಅಣ್ಣ ಬರೆದ ಕೊನೆಯ ಮುಖಪುಟವನ್ನು ನಾನು ನೋಡಲಿಲ್ಲ. ನೋಡಿದೆನೆಂದು ಹೇಳಿದೆ.

ಇಂದು ಬೆಳಿಗ್ಗೆ ಚಟ್ನಿಗೆಂದು ಅಗಸಿ ಹುರಿಯುವಾಗ ಆ ವಾಸನೆಗೆ ಕೈ ನಿಂತುಬಿಟ್ಟಿತು. ಅವನು ಬಣ್ಣಕ್ಕೆ ಅಗಸಿ ಎಣ್ಣೆ ಬೆರೆಸುತ್ತಿದ್ದ. ಮೆಣಸಗಿಯ ನಮ್ಮ ತವರುಮನೆಯ ಪಡಸಾಲೆಯಲ್ಲಿ ವರ್ಷವಿಡೀ ಅದೇ ವಾಸನೆ...

ಹುಬ್ಬಳ್ಳಿಯ ಒಂದು ಮಾಸಪತ್ರಿಕೆಗೆ ಅವನು ಮುಖಪುಟದ ಚಿತ್ರ ಬರೆಯುತ್ತಿದ್ದ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಒಳಗಿನ ಕಥೆಗಳನ್ನು ಓದುತ್ತಿರಲಿಲ್ಲ. ಅದಕ್ಕೇ ಅವನಿಗೆ ನಾನು ಬೇಕಾಗಿದ್ದೆ. ಚಿತ್ರ ಮುಗಿದ ಮೇಲೆ ಗೋಡೆಗೆ ಒರಗಿಸಿ ಕೇಳುತ್ತಿದ್ದ: “ಏನ್ ನಡದೈತಿ ಹೇಳ ತಂಗಿ.” ಅವನ ಮನಸ್ಸಿನಲ್ಲಿದ್ದ ಕಥೆಯೇ ನನ್ನ ಬಾಯಿಂದ ಬಂದರೆ ಚಿತ್ರ ಹುಬ್ಬಳ್ಳಿಗೆ ಹೋಗುತ್ತಿತ್ತು. ಇಲ್ಲವಾದರೆ ಮತ್ತೆ ಕುಂಚ ಹಿಡಿಯುತ್ತಿದ್ದ. ಒಮ್ಮೆ ಗಿಡದ ಕೆಳಗೆ ಗಂಟು ಹಿಡಿದು ನಿಂತ ಮುದುಕನನ್ನು ಬರೆದಿದ್ದ.

“ಈ ಅಜ್ಜಗ ಬಸ್ ತಪ್ಪೇತೋ, ಇನ್ನೂ ಬರಬೇಕೋ?” ಎಂದೆ.

“ಸಾಲಿ ಬಿಟ್ರೂ ಮಾಸ್ತರಕಿ ಬಿಡವಲ್ಲಿ ನೀ,” ಎಂದು ನಕ್ಕು, ದಾರಿಯ ಮೇಲೆ ಧೂಳು ಎಬ್ಬಿಸಿದ. ಬಸ್ಸು ಹೋಗಿಯೇ ಬಿಟ್ಟಿತ್ತು.

ನನ್ನನ್ನು ನರಗುಂದಕ್ಕೆ ಕೊಟ್ಟ ಮೇಲೂ ಚಿತ್ರವನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಬರುತ್ತಿದ್ದ. ಆದರೆ ಒಂದು ವರ್ಷ, ಪತ್ರಿಕೆಯ ಕೆಲಸ ತಡವಾಯಿತೆಂದು, ನಾಗರಪಂಚಮಿಗೆ ನನ್ನನ್ನು ಕರೆಯಲು ಬರಲಿಲ್ಲ. ಓಣಿಯ ಸೊಸೆಯರೆಲ್ಲ ಅಣ್ಣತಮ್ಮಂದಿರ ಜೊತೆ ತವರಿಗೆ ಹೋದರು. ನಾನು ಚೀಲ ತುಂಬಿಕೊಂಡು ಸಂಜೆಯವರೆಗೆ ಕಟ್ಟೆಯ ಮೇಲೆ ಕುಳಿತೆ.

“ನಿಮ್ಮಣ್ಣಗ ಚಿತ್ರದಾಗಿನ ಹೆಣ್ಮಕ್ಕಳಿದ್ರ ಸಾಕು, ನೀ ಯಾಕ ಬೇಕ?” ಎಂದರು ಅತ್ತೆ. ಆ ಮಾತು ಮನಸ್ಸಿನಲ್ಲಿ ನಾಟಿತು.

ಶ್ರಾವಣ ಮುಗಿಯುವ ಮೊದಲು ಅಣ್ಣ ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ಬೆನ್ನ ಹಿಂದೆ ಚಿತ್ರವನ್ನು ಗೋಡೆಗೆ ಒರಗಿಸಿದ.

“ಏನ್ ನಡದೈತಿ ಹೇಳ ತಂಗಿ.”

“ಚಲೋ ಐತಿ. ಹುಬ್ಬಳ್ಳಿಗೆ ಕಳಸ.”

“ನೋಡಿ ಹೇಳವಾ.”

“ನೋಡೇನಿ.”

ಚಿತ್ರವನ್ನು ಮತ್ತೆ ಧೋತರದಲ್ಲಿ ಸುತ್ತಿಕೊಂಡು ಹೊರಟ. ಊಟಕ್ಕೂ ಕೂಡಲಿಲ್ಲ...

ಪತ್ರಿಕೆಯವರು ಆ ಚಿತ್ರವನ್ನು ಹಿಂದಿರುಗಿಸಿದರು. ಅದರಲ್ಲಿನ ಹೆಂಗಸು ಊರಿಂದ ಬಂದವಳೋ ಊರಿಗೆ ಹೊರಟವಳೋ ತಿಳಿಯುವುದಿಲ್ಲ ಎಂದರಂತೆ. ಮುಂದೆ ಅವನನ್ನು ಕರೆಯಲೇ ಇಲ್ಲ. ಅಣ್ಣ ಟ್ರ್ಯಾಕ್ಟರುಗಳ ಮೇಲೆ ಹೆಸರು ಬರೆಯತೊಡಗಿದ. “ಇರ್ಲಿ ಬಿಡವಾ, ಅವರಿಗೆ ತಿಳೀಲಿಲ್ಲ,” ಎಂದ ನನಗೆ. ನಾನು ನೋಡಿಯೇ ಹೇಳಿದ್ದೆನೆಂದು ನಂಬಿದ್ದನೋ, ನಂಬಿದಂತೆ ಇದ್ದನೋ... ಪ್ರತಿ ಪಂಚಮಿಗೆ ತಪ್ಪದೆ ಕರೆಯಲು ಬಂದ. ಚಿತ್ರ ಮಾತ್ರ ಮತ್ತೆ ತರಲಿಲ್ಲ. ಅಷ್ಟು ವರ್ಷ ಒಂದೇ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತರೂ ನಾನು ಬಾಯಿ ಬಿಡಲಿಲ್ಲ.

ಕಳೆದ ಚಳಿಗಾಲ ಅವನು ತೀರಿಕೊಂಡ. ಅವನ ಟ್ರಂಕು ನನ್ನ ಮನೆಗೆ ಬಂದಿತ್ತು, ತೆರೆಯುವ ಧೈರ್ಯವಿರಲಿಲ್ಲ. ಇಂದು ಒಲೆ ಆರಿಸಿ ತೆರೆದೆ, ಆ ಚಿತ್ರಕ್ಕೆ ಸುತ್ತಿದ್ದ ಧೋತರ ಬಿಚ್ಚಿದೆ.

ಕಟ್ಟೆಯ ಮೇಲೆ ಒಬ್ಬಳು ಕುಳಿತಿದ್ದಾಳೆ. ತೊಡೆಯ ಮೇಲೆ ಚೀಲ, ಮೈಮೇಲೆ ನನ್ನದೇ ಹಸಿರು ಇಳಕಲ್ ಸೀರೆ. ಎದುರಿನ ಬೇವಿನ ಗಿಡದಲ್ಲಿ ಪಂಚಮಿಯ ಖಾಲಿ ಜೋಕಾಲಿ. ನಾನು ಕಾದದ್ದನ್ನು ಅವನಿಗೆ ಯಾರು ಹೇಳಿದ್ದರೋ... ಅವಳ ಕಾಲ ಬಳಿ, ದಾರಿಗೆ ಮುಖ ಮಾಡಿದ ಒಂದು ಜೋಡು ಚಪ್ಪಲಿ ಇದ್ದಿದ್ದರೆ ಸಾಕಿತ್ತು, ಹೊರಟವಳೆಂದು ತಿಳಿಯುತ್ತಿತ್ತು. ಅಂದು ತಿರುಗಿದ್ದರೆ ಹೇಳುತ್ತಿದ್ದೆ.

ಚಿತ್ರವನ್ನು ಗೋಡೆಗೆ ಒರಗಿಸಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಗಟ್ಟಿಯಾಗಿಯೇ ಹೇಳಿದೆ.

“ಈಕಿ ತವರಿಗೆ ಹೊಂಟಾಕಿ, ಅಣ್ಣಾ. ನಿನ್ನ ದಾರಿ ಕಾಯಾಕತ್ತಾಳ. ಅವತ್ತ ನಾ ನೋಡಿರಲಿಲ್ಲ. ತಪ್ಪಾತು.”