ಮುಂದಿನ ಕೋಣೆಯ ಪೆಲ್ಮೆಟ್ಟು

ಬೀದಿಯವರು ಅವಳನ್ನು ಕತ್ತರಿಯಕ್ಕ ಎನ್ನುತ್ತಿದ್ದರು. ಎದುರಿಗೆ ಹಾಗೆಂದರೆ ಅದು ಕೈಯಲ್ಲಿರುವ ಕತ್ತರಿಗೆ, ಬೆನ್ನ ಹಿಂದೆ ಅಂದರೆ ಬಾಯಲ್ಲಿರುವುದಕ್ಕೆ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಆಡಿಕೊಳ್ಳದವರಿಲ್ಲ. ಆ ಕೋಪ ಅಲ್ಲಿಗೆ ಹೇಗೆ ಹತ್ತಿತು ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಕೇಳಿದ್ದರೆ ಮೆಟ್ಟಿಲ ಕೆಳಗಿನ ಜಾಗ ತೋರಿಸಿದರೆ ಸಾಕಿತ್ತು. ಮದುವೆಯಾಗಿ ಬಂದ ಮೂರನೆಯ ತಿಂಗಳು ಅವಳ ಹೊಲಿಗೆ ಮೆಷಿನ್ನು ಅಲ್ಲಿ ಸೇರಿತು, ಸೇರಿ ಇಪ್ಪತ್ತೆರಡು ವರ್ಷವಾಯಿತು. ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ. ಯಾರಾದರೂ ಮಹಡಿ ಹತ್ತಿದರೆ ಕುತ್ತಿಗೆಗೆ ಸುಣ್ಣದ ಪುಡಿ ಉದುರುತ್ತದೆ. ಬೆಳಕು ಅಂದರೆ ವಯರಿಗೆ ನೇತುಬಿದ್ದ ಒಂದು ಹಳದಿ ಬಲ್ಬು. ಅದರ ಕೆಳಗೆ ಬೆನ್ನು ಬಾಗಿಸಿ ಕೂತು ಅವಳು ಅರ್ಧ ಊರಿನ ಕಿಟಕಿಗಳನ್ನು ಸಿಂಗರಿಸಿದ್ದಳು. ಪರದೆ ಹೊಲಿದಳು, ದಿಂಬಿನ ಗವಸು ಹೊಲಿದಳು, ಆದರೆ ಅವಳ ಹೆಸರು ನಿಂತಿದ್ದು ಪೆಲ್ಮೆಟ್ಟಿನಿಂದ. ಪರದೆಯ ಸರಳು, ಬಳೆ, ಗೋಡೆಯ ತೂತು ಯಾವುದೂ ಕಾಣದಂತೆ ಕಿಟಕಿಯ ಮೇಲೆ ಕೂರಿಸುವ, ಬಟ್ಟೆ ಹೊದಿಸಿದ ಹಲಗೆ ಅದು. ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅವಳು ಮಾಡಿದ್ದರಲ್ಲಿ ಒಂದು ಸುಕ್ಕು ಹುಡುಕಿ ಕೊಟ್ಟವರಿಲ್ಲ.

ಅದೇ ಮನೆಯಲ್ಲಿ ಮುಂದಿನ ಕೋಣೆ ಅಂತ ಒಂದಿತ್ತು. ಮನೆಗೆಲ್ಲ ದೊಡ್ಡದು, ಬೀದಿ ಕಡೆಗೆ ಎರಡು ದೊಡ್ಡ ಕಿಟಕಿ. ಅದರಲ್ಲಿ ವಾಸವಿದ್ದದ್ದು ಮಾವನ ಕಾಲದ ಒಂದು ಸೋಫಾ, ಒಂದು ಬೀರು. ಕಿಟಕಿಗಳ ಮರದ ಕದ ಮುಚ್ಚಿಯೇ ಇರುತ್ತಿತ್ತು. ಅತ್ತೆ ಬದುಕಿದ್ದಾಗ, ಬೀದಿಯವರು ಇಣುಕುತ್ತಾರೆ ಅಂತ. ಅತ್ತೆ ಹೋದ ಮೇಲೆ, ಧೂಳು ಬರುತ್ತದೆ ಅಂತ. ಬಣ್ಣದ ಮೇಲೆ ಬಣ್ಣ ಬಳಿದು ಕದ, ಚೌಕಟ್ಟು, ತಿರುಗಣಿ ಎಲ್ಲ ಸೇರಿ ಒಂದೇ ಹಲಗೆಯ ಹಾಗಾಗಿತ್ತು. ಒಂದು ಸೋಫಾಕ್ಕೆ ಅಷ್ಟು ದೊಡ್ಡ ಕೋಣೆ, ಅನ್ನ ದುಡಿಯುವ ಹೆಂಗಸಿಗೆ ಮೆಟ್ಟಿಲ ಬುಡ. ಇದನ್ನು ನೋಡಿ ಸುಮ್ಮನಿರುವವರಿಗೆ ತಾಳ್ಮೆಯಿದೆ ಅನ್ನುತ್ತಾರಂತೆ. ಅವಳಿಗಿರಲಿಲ್ಲ.

ಆ ವರ್ಷ ಕಣ್ಣಿನ ಡಾಕ್ಟರು ಅವಳ ರೆಪ್ಪೆ ಎತ್ತಿ, ದೀಪ ಬಿಟ್ಟು ನೋಡಿ, ಇನ್ನು ಬಲ್ಬಿನ ಕೆಳಗೆ ಹೊಲಿಯುವುದನ್ನು ಬಿಡಬೇಕು ಎಂದರು. ಹಗಲಿನ ಬೆಳಕಿನಲ್ಲಿ ಕೂತು ಹೊಲಿದರೆ ಸರಿ, ಇಲ್ಲವಾದರೆ ಎರಡು ವರ್ಷದಲ್ಲಿ ಕೆಲಸವೇ ಬಿಡಬೇಕಾಗುತ್ತದೆ. ಮರುದಿನ ಬೆಳಿಗ್ಗೆಯೇ ಅವಳು ಭಾವನ ಮುಂದೆ ನಿಂತಳು. ಭಾವ ಎಂದರೆ ಗಂಡನ ಅಣ್ಣ. ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದವರು, ಈಗ ಬೀದಿಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಗೋದಾಮು ಬಿಟ್ಟರೂ ಮೇಲ್ವಿಚಾರಣೆ ಬಿಟ್ಟಿರಲಿಲ್ಲ.

"ಭಾವ, ಮುಂದಿನ ರೂಮು ಸುಮ್ನೆ ಬಿದ್ದಿದೆ. ಮೆಷಿನ್ನು ಅಲ್ಲಿಟ್ಕೊಳ್ಳಾ? ಡಾಕ್ಟ್ರು ಹಗಲು ಬೆಳಕಲ್ಲೇ ಹೊಲೀಬೇಕು ಅಂದಿದ್ದಾರೆ."

ಭಾವ ಓದುತ್ತಿದ್ದ ಪೇಪರನ್ನು ಕೆಳಗಿಡಲಿಲ್ಲ. "ಬೀದಿಗೆ ಕಾಣೋ ರೂಮಮ್ಮ ಅದು. ಅಲ್ಲಿ ಚಿಂದಿ ಗುಡ್ಡೆ ಹಾಕ್ಕೊಂಡು ಕೂತ್ರೆ ನೋಡಿದೋರು ಏನಂತಾರೆ? ಮೊದಲು ಅದನ್ನ ಮನುಷ್ಯರು ಕೂರೋ ಹಾಗೆ ಮಾಡು. ಆಮೇಲೆ ನೋಡೋಣ."

ಇಪ್ಪತ್ತೆರಡು ವರ್ಷದಿಂದ ಕದ ಹಾಕಿದ ಕೋಣೆ ಬೀದಿಗೆ ಹೇಗೆ ಕಾಣುತ್ತದೋ ಭಾವನೇ ಹೇಳಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಅವರದು ಎತ್ತಿದ ಕೈ. ಅವಳ ಗಂಡ ಪಕ್ಕದಲ್ಲಿ ಕೂತು ಕೋಲೆ ಬಸವನ ಹಾಗೆ ತಲೆಯಾಡಿಸಿದ. ಅಣ್ಣ ಹೌದೆಂದರೂ ಆಡುವ ತಲೆ ಅದು, ಅಲ್ಲವೆಂದರೂ ಆಡುವ ತಲೆ.

ಅವಳು 'ನೋಡೋಣ' ಅನ್ನುವುದನ್ನು 'ಕೊಡೋಣ' ಎಂದೇ ಹಿಡಿದಳು. ಇನ್ನೇನು ಮಾಡಬೇಕಿತ್ತು? ಕೋಣೆ ತೊಳೆದಳು, ಗೋಡೆಗೆ ಬಣ್ಣ ಹೊಡೆದಳು, ಸೋಫಾಕ್ಕೆ ಹೊಸ ಗವಸು, ಕಿಟಕಿಗಳಿಗೆ ಪರದೆ ಹಾಕಿದಳು. ಆಮೇಲೆ ಪೆಲ್ಮೆಟ್ಟಿಗೆ ಕೈ ಹಾಕಿದಳು. ಭಾವ ಬಾಯಿ ಬಿಡಲಾರದಂಥ ಪೆಲ್ಮೆಟ್ಟು ಮಾಡುತ್ತೇನೆ ಎಂದು ಓರಗಿತ್ತಿಯ ಎದುರು ಶಪಥವನ್ನೂ ಮಾಡಿದಳು.

ಬಡಗಿಯ ಅಂಗಡಿಯಲ್ಲಿ ಪ್ಲೈವುಡ್ ಕೊಯ್ಯಿಸುವಾಗ ಅವನು ಕೇಳಿದ. "ಅಕ್ಕಾ, ಕಿಟಕಿ ಕದ ಒಳಕ್ಕೋ ಹೊರಕ್ಕೋ?"

ಬೇರೆಯವರ ಮನೆಗೆ ಹೋದಾಗ ಅವಳು ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಅದು. ಕದ ಒಳಕ್ಕೆ ತೆರೆಯುವುದಾದರೆ ಪೆಲ್ಮೆಟ್ಟು ಮೇಲಿರಬೇಕು, ಇಲ್ಲದಿದ್ದರೆ ಕದಕ್ಕೆ ತಾಗುತ್ತದೆ. ಕೇಳಿ ಸುಮ್ಮನಾಗುತ್ತಲೂ ಇರಲಿಲ್ಲ, ಒಮ್ಮೆ ತೆರೆದು ನೋಡಿಯೇ ಅಳತೆ ಪಟ್ಟಿ ಬಿಚ್ಚುತ್ತಿದ್ದಳು. ಆದರೆ ಭಾವ ಅಪ್ಪಣೆ ಕೊಟ್ಟಿದ್ದರು: ಕೆಲಸ ಮುಗಿಯುವ ತನಕ ಕಿಟಕಿ ಮುಟ್ಟಬೇಡ, ಹೊಸ ಬಣ್ಣಕ್ಕೆ ಧೂಳು ಕೂರುತ್ತದೆ. ಎದುರು ಹೇಳಿದರೆ ಅದನ್ನೇ ನೆಪ ಮಾಡಿ ಕೋಣೆ ಇಲ್ಲ ಅಂದಾರು ಎಂದು ಅವಳು ನಾಲಿಗೆ ಕಚ್ಚಿಕೊಂಡಳು. ಜೀವಮಾನದಲ್ಲಿ ಒಂದೇ ಸಲ ಬಾಯಿ ಮುಚ್ಚಿಕೊಂಡಳು, ಅದೂ ಬಾಯಿ ಬಿಡಬೇಕಾದ ಕಡೆ.

"ಹೊರಕ್ಕೇ ಇರತ್ತೆ ಬಿಡಪ್ಪ. ನಮ್ಮನೆ ಕಿಟಕಿಗಳೆಲ್ಲ ಹೊರಕ್ಕೇ" ಎಂದಳು.

ಹಲಗೆಗಳು ಮೆಟ್ಟಿಲ ಕೆಳಗೆ ಬಂದವು. ಎರಡೂ ತುದಿಗೆ ನಾಲ್ಕು ಬೆರಳಗಲದ ಪಕ್ಕದ ಹಲಗೆ ಕೂರಿಸಿ ಮೊಳೆ ಹೊಡೆದಳು. ಹಳೆಯ ಹಾಸಿಗೆಯ ಸ್ಪಂಜು ಸೀಳಿ ಮೇಲೆ ಅಂಟಿಸಿದಳು. ಬಟ್ಟೆ ಎಲೆಬಳ್ಳಿ ಚಿತ್ತಾರದ ಹಸಿರು, ಎರಡು ಬೇರೆ ಬೇರೆ ತುಂಡು, ಬಟ್ಟೆ ಅಂಗಡಿಯಲ್ಲಿ ಉಳಿದದ್ದು. ಬಳ್ಳಿ ಎಲ್ಲಿ ಕಡಿಯಿತು, ಎಲ್ಲಿ ಕೂಡಿತು ಎಂದು ಗೊತ್ತಾಗದಂತೆ ಅವೆರಡನ್ನು ಜೋಡಿಸುವುದಕ್ಕೇ ಎರಡು ದಿನ ಹಿಡಿಯಿತು. ಬಟ್ಟೆಯನ್ನು ನಡುವಿನಿಂದ ಶುರುಮಾಡಿ ಎರಡೂ ಬದಿಗೆ ಎಳೆಯುತ್ತಾ, ಹಿಂದೆ ಮಡಚಿ ಸಣ್ಣ ಮೊಳೆ ಹೊಡೆಯಬೇಕು. ಒಂದು ಬದಿಗೆ ಹೆಚ್ಚು ಎಳೆದರೆ ಬಳ್ಳಿ ಸೊಟ್ಟಗಾಗುತ್ತದೆ. ಎಳೆಯುವಾಗ ಅವಳು ಭಾವನ ಪೇಪರನ್ನು ನೆನೆದು ಎಳೆದಳು. ಬಟ್ಟೆ ತಮಟೆಯ ಹಾಗೆ ಬಿಗಿಯಾಯಿತು.

ಗಂಡ ಸ್ಟೂಲು ಹಿಡಿದ, ಅವಳೇ ಹತ್ತಿ ಸ್ಕ್ರೂ ತಿರುಗಿಸಿದಳು. ಟ್ಯೂಬ್‌ಲೈಟ್ ಹಾಕಿ ನೋಡಿದರೆ ಕೋಣೆ ಕೋಣೆಯಾಗಿರಲಿಲ್ಲ. ಓರಗಿತ್ತಿ ಬಾಗಿಲಲ್ಲೇ ನಿಂತು "ಇದು ನಮ್ಮನೇನಾ?" ಎಂದಳು. ಭಾವ ಒಳಗೆ ಬಂದು, ಕೈ ಹಿಂದೆ ಕಟ್ಟಿ, ಒಂದು ಸುತ್ತು ಹಾಕಿದರು.

"ಭೇಷ್!" ಎಂದರು. "ಇಷ್ಟು ಚೆನ್ನಾಗಿ ಮಾಡ್ತೀಯ ಅಂತ ಅಂದ್ಕೊಂಡಿರಲಿಲ್ಲ. ಇಲ್ಲಿ ಮೆಷಿನ್ನು ತಂದಿಟ್ರೆ ಎಲ್ಲಾ ಹಾಳಾಗತ್ತಮ್ಮ. ಸಂಘದ ಮೀಟಿಂಗು ಇನ್ಮೇಲೆ ಇಲ್ಲೇ ಮಾಡ್ತೀನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಾನೇ ಉಂಡೆ ಕಟ್ಟಿ ಇನ್ನೊಬ್ಬರ ಬಾಯಿಗಿಟ್ಟಂತಾಯಿತು. ಕೆಲಸ ಕೆಟ್ಟದಾಗಿದ್ದರೆ ಕೆಟ್ಟದು ಅಂತ ಕೊಡುತ್ತಿರಲಿಲ್ಲ, ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ಕೊಡಲಿಲ್ಲ. ಅವಳು ಕೂಗಾಡಿದಳು. ಮಾತು ಕೊಟ್ಟಿರಿ ಅಂದಳು, ನನ್ನ ಕಣ್ಣು ಹೋದರೆ ನೀವು ಕೊಡುತ್ತೀರಾ ಅಂದಳು. "ನೋಡೋಣ ಅಂದಿದ್ದೆ, ಈಗ ನೋಡಿದೆ" ಎಂದು ಭಾವ ಹೊರಟೇಹೋದರು. ಗಂಡ "ಬಿಡು, ಅಣ್ಣ ಹೇಳಿದ್ಮೇಲೆ" ಎಂದ. ಅವನ ಮುಖ ನೋಡಲೂ ಅವಳಿಗೆ ಅಸಹ್ಯವಾಯಿತು. ಒಂಬತ್ತು ದಿನ ಆ ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಅವಳ ಕೂಗಾಟಕ್ಕೆ ಒಗ್ಗಿಹೋಗಿದ್ದ ಮನೆಯವರಿಗೆ ಈ ಮೌನದಿಂದ ಊಟ ಸೇರದಾಯಿತು.

ಹತ್ತನೆಯ ದಿನ ಮಧ್ಯಾಹ್ನ ಸಂಘದ ಮೊದಲ ಸಭೆ. ಉರಿಬಿಸಿಲು. ಎಂಟು ಜನ ಬಂದು ಕೂತರು. ಅವರಲ್ಲಿ ನಿವೃತ್ತ ಹೆಡ್ ಮೇಡಂ ಕೂಡ ಒಬ್ಬರು, ಹಿಂದೆ ಅವಳಲ್ಲಿ ಪರದೆ ಹೊಲಿಸುತ್ತಿದ್ದವರು. ಎಲ್ಲರೂ ಪೆಲ್ಮೆಟ್ಟು ಹೊಗಳಿದರು, ಭಾವ ಹೊಗಳಿಕೆಯನ್ನು ತಾವೇ ಹೊಲಿದವರಂತೆ ತೆಗೆದುಕೊಂಡರು. ಚರಂಡಿಯ ವಿಷಯ ಶುರುವಾಗುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಕೋಣೆ ಗವ್ವೆಂದಿತು. ಯಾರೋ ಕಿಟಕಿ ತೆಗೆಯಿರಿ ಎಂದರು. ಭಾವನೇ ಎದ್ದು ಪರದೆ ಸರಿಸಿ ಚಿಲಕ ಎಳೆದರು. ಹಳೆಯ ಬಣ್ಣ ಪಟಪಟ ಒಡೆಯಿತು. ಕದ ಒಳಕ್ಕೆ ನಾಲ್ಕು ಬೆರಳು ಬಂದು ಪೆಲ್ಮೆಟ್ಟಿಗೆ ಢಬ್ ಎಂದು ಬಡಿದು ನಿಂತಿತು. ಎರಡನೆಯ ಕಿಟಕಿಯೂ ಹಾಗೆಯೇ. ಒಬ್ಬ ಮುದುಕರಿಗೆ ಎದೆ ಹಿಡಿದಂತಾಗಿ ಅವರನ್ನು ಜಗುಲಿಗೆ ಕರೆದೊಯ್ದರು.

"ಏಯ್, ಬಾಮ್ಮ ಇಲ್ಲಿ!" ಭಾವನ ದನಿ ಮೆಟ್ಟಿಲ ಕೆಳಗೆ ಬಂತು.

ಅವಳು ಬಂದು ಮೊಬೈಲಿನ ಬೆಳಕಿನಲ್ಲಿ ನೋಡಿದಳು. ಒಳಕ್ಕೆ ತೆರೆಯುವ ಕದ. ಹೊಸಬರು ಮಾಡುವ ತಪ್ಪು.

"ನೋಡಿ, ಊರಿಗೆಲ್ಲ ಪೆಲ್ಮೆಟ್ಟು ಮಾಡೋಳಿಗೆ ಮನೆ ಕಿಟಕಿ ಯಾವ ಕಡೆ ತೆರೆಯತ್ತೆ ಅಂತ ಗೊತ್ತಿಲ್ಲ" ಎಂದು ಭಾವ ಸಭೆಗೆ ಹೇಳಿ ನಕ್ಕರು. ಒಂದಿಬ್ಬರು ನಕ್ಕರು.

ಒಂಬತ್ತು ದಿನದ ಮಾತು ಒಟ್ಟಿಗೆ ಬಂತು. "ಹೇಗೆ ಗೊತ್ತಾಗಬೇಕು ಭಾವ? ಇಪ್ಪತ್ತೆರಡು ವರ್ಷ ಆಯ್ತು ಬಂದು. ಒಂದು ದಿನ, ಒಂದೇ ಒಂದು ದಿನ ತೆಗೆಯೋಕೆ ಬಿಟ್ಟಿದ್ದೀರಾ? ಈ ಮನೆ ಕಸ ಗೊತ್ತು ನಂಗೆ, ಪಾತ್ರೆ ಗೊತ್ತು, ನಿಮ್ಮ ಶರ್ಟಿನ ಗುಂಡಿ ಗೊತ್ತು. ಕಿಟಕಿ ಗೊತ್ತಿಲ್ಲ. ನಾಚಿಕೆ ಆಗಬೇಕಾದ್ದು ಯಾರಿಗೆ?"

ಅವಳು ಸ್ಕ್ರೂಡ್ರೈವರ್ ತಂದು ಕುರ್ಚಿ ಹತ್ತಿದಳು. ತಿರುಗಿಸಿ, ಕಿತ್ತು, ಮೊದಲ ಕಿಟಕಿಯ ಪೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಇಳಿಸಿದಳು. ಭಾವ ಕದ ಎಳೆದರು. ಬಿಸಿಲು ಕೋಣೆಗೆ ಧುಮುಕಿತು.

ಆ ಬೆಳಕಿನಲ್ಲಿ ಅವಳು ತನ್ನ ಕೈಯಲ್ಲಿದ್ದುದನ್ನು ನೋಡಿದಳು. ಎಡಗಡೆಯ ಅರ್ಧ ಎಲೆಹಸಿರು. ಬಲಗಡೆಯ ಅರ್ಧ ನೀಲಿಗೆ ತಿರುಗಿದ ಮಂಕು ಹಸಿರು. ಬಳ್ಳಿ ಸರಿಯಾಗಿ ಕೂಡಿತ್ತು, ಬಣ್ಣ ಕೂಡಿರಲಿಲ್ಲ. ಕುರುಡರೂ ಬೇರೆ ಬೇರೆ ತುಂಡು ಅನ್ನಬೇಕು, ಹಾಗಿತ್ತು. ಹಳದಿ ಬಲ್ಬಿನ ಕೆಳಗೆ ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದಳು, ಎರಡೂ ಒಂದೇ ಎಂದು ಕಂಡಿತ್ತು.

ಅವಳು ತಲೆಯೆತ್ತಿದಾಗ ಹೆಡ್ ಮೇಡಂ ಕಣ್ಣು ತಪ್ಪಿಸಿದರು. ಆಶ್ಚರ್ಯ ಆದವರು ಹಾಗೆ ಕಣ್ಣು ತಪ್ಪಿಸುವುದಿಲ್ಲ.

"ಮೇಡಂ, ನಿಮ್ಮನೇದೂ ಹೀಗೇನಾ?"

"ಹೋಗ್ಲಿ ಬಿಡಮ್ಮ."

"ಹೇಳಿ."

"ಬಾಗಿಲ ಪರದೇಲಿ ಒಂದು ಪಟ್ಟಿ ಬೇರೆ ಬಣ್ಣ ಇತ್ತು. ನೀನು ಬೇಜಾರು ಮಾಡ್ಕೋತೀಯ ಅಂತ..."

ಎರಡು ವರ್ಷದಿಂದ ಗಿರಾಕಿಗಳು ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದ್ದರು. ರೆಡಿಮೇಡ್ ಅಂಗಡಿಗಳಿಗೆ ಅವಳು ಶಾಪ ಹಾಕಿದ್ದಳು, ಜನರ ಅಭಿರುಚಿಗೆ ಶಾಪ ಹಾಕಿದ್ದಳು. ಇಷ್ಟು ದಿನ ಬೀದಿಯೆಲ್ಲ ಅವಳ ಬಾಯಿಗೆ ಹೆದರಿ ಅವಳ ಕೈಯ ತಪ್ಪನ್ನು ಮುಚ್ಚಿಟ್ಟಿತ್ತು. ಅಳು ಬಂದರೆ ಭಾವನೆದುರು ಬರಬಾರದು ಎಂದು ತುಟಿ ಕಚ್ಚಿದಳು.

"ಸಂಜೆಯೊಳಗೆ ಎರಡನ್ನೂ ಸರಿಮಾಡಿ ಮೇಲೆ ಹಾಕ್ಬಿಡು" ಎಂದರು ಭಾವ.

"ಹಾಕಲ್ಲ. ಮೆಷಿನ್ನು ಇಲ್ಲಿಗೆ ಬರತ್ತೆ. ಈಗಲೇ. ನೀವು ಮೀಟಿಂಗನ್ನ ಮೆಟ್ಟಿಲ ಕೆಳಗೆ ಮಾಡಿ. ಬಲ್ಬಿದೆ."

"ಇದು ಯಾರ ಮನೆ ಅಂದ್ಕೊಂಡಿದ್ದೀಯ?"

ಉತ್ತರ ಬಾಗಿಲಿನಿಂದ ಬಂತು. ಗಂಡ ನಿಂತಿದ್ದ. "ಅಣ್ಣಾ, ಮೆಷಿನ್ನು ಭಾರ ಇದೆ. ಒಂದ್ಕಡೆ ನಾನು ಹಿಡೀತೀನಿ" ಎಂದ. ಅಷ್ಟು ಜನರ ಮುಂದೆ ತಮ್ಮನನ್ನು ಬೈಯಲಾಗದೆ ಭಾವ ಕಿಟಕಿ ಬಿಟ್ಟು ಬದಿಗೆ ಸರಿದರು.

"ಇಪ್ಪತ್ತೆರಡು ವರ್ಷ ಬೇಕಾಯ್ತಾ ಇದನ್ನ ಹೇಳೋಕೆ?" ಎಂದು ಅವಳು ಗಂಡನಿಗೂ ಸಿಡಿದಳು. ಆದರೆ ಇನ್ನೊಂದು ಕಡೆ ತಾನು ಹಿಡಿದಳು.

ಮೆಷಿನ್ನು ಕಿಟಕಿಯ ಕೆಳಗೆ ಬಂತು. ಸಭೆ ಜಗುಲಿಗೆ ಹೋಯಿತು. ಹೆಡ್ ಮೇಡಂ ಮಾತ್ರ ಚಪ್ಪಲಿ ಹಾಕಿಕೊಂಡು ಮೆಲ್ಲಗೆ ಜಾರಿಕೊಳ್ಳುವುದರಲ್ಲಿದ್ದರು.

"ಮೇಡಂ, ನಿಲ್ಲಿ. ನಾಳೆ ಆ ಪರದೆ ತಗೊಂಡು ಬನ್ನಿ, ಬಿಚ್ಚಿ ಹೊಲಿದುಕೊಡ್ತೀನಿ." ಅವಳು ಪೆಲ್ಮೆಟ್ಟನ್ನು ಮಗುಚಿ ಮಡಿಲಲ್ಲಿಟ್ಟುಕೊಂಡು ಮೊದಲ ಮೊಳೆ ಕಿತ್ತಳು. "ಇನ್ನೂ ಯಾರ್ಯಾರ ಮನೇಲಿ ಹೀಗಿದೆ?"

"ಯಾಕಮ್ಮ ಈಗ ಅದೆಲ್ಲ?"

"ಹೇಳಿ ಅಂದೆ. ಒಬ್ಬರನ್ನೂ ಬಿಡಬೇಡಿ."

ಹೆಡ್ ಮೇಡಂ ಸೋಫಾದ ಅಂಚಿನಲ್ಲಿ ಕೂತರು. ಕೈಬಳೆ ತಿರುಗಿಸಿದರು. ಆಮೇಲೆ, "ಔಷಧಿ ಅಂಗಡಿಯವರ ಮನೇಲಿ, ಮಹಡಿ ಕಿಟಕಿ" ಎಂದು ಶುರುಮಾಡಿದರು. ಅವಳು ಒಂದೊಂದು ಮನೆಯ ಹೆಸರಿಗೂ ಹೂಂ ಎನ್ನುತ್ತಾ ಮೊಳೆ ಕೀಳುತ್ತಿದ್ದಳು. ಹದಿನಾಲ್ಕನೆಯ ಮನೆ ಬಂದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ಮೊಳೆಗೆ ಕೈ ಹಾಕಿದಳು.